ಬರೀ ಕುರುಚಲು

ಗುಡಿಸಲುಗಳಿದ್ದ ಜಾಗದಲ್ಲಿ ಕಪ್ಪು ಉಂಗುರಗಳಿದ್ದವು. ಗಾನವಿ ಚಿತ್ರವನ್ನು ಹಿಗ್ಗಿಸಿದಳು, ಕುಗ್ಗಿಸಿದಳು, ತಪ್ಪು ಟೈಲ್ ತೆರೆದಿರಬಹುದೆಂದು ಮೇಲಿನ ಸಂಖ್ಯೆಯನ್ನು ಮತ್ತೊಮ್ಮೆ ಓದಿದಳು. ಸಂಖ್ಯೆ ಸರಿಯಾಗಿಯೇ ಇತ್ತು. ಒಣಗಿದ ಹೊಳೆಯ ತಿರುವು ಅದೇ, ಕವಲೊಡೆದ ಕಾಲುದಾರಿಯೂ ಅದೇ. ಆದರೆ ಕಾಲುದಾರಿಯನ್ನು ಅಳಿಸಿಕೊಂಡು ದೊಡ್ಡ ಚಕ್ರಗಳ ಗುರುತು ಹಾದುಹೋಗಿತ್ತು. ಅದು ಮುಗಿದಲ್ಲಿ ಹಗ್ಗ ಹಿಡಿದು ಎಳೆದಷ್ಟು ನೇರವಾದ ಬೇಲಿ. ಬೇಲಿಯ ಒಳಗೆ ಸಾಲು ಡೇರೆಗಳು.

ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಹೆಂಡರ್ಸನ್ ಬಡಾವಣೆಯಲ್ಲಿ, ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಅವಳ ಕಚೇರಿ. ಉಪಗ್ರಹಗಳು ತೆಗೆದ ಚಿತ್ರಗಳು ಅಲ್ಲಿಗೆ ಚೌಕ ಚೌಕವಾಗಿ ಬರುತ್ತಿದ್ದವು. ಒಂದೊಂದು ಚೌಕಕ್ಕೂ ಟೈಲ್ ಎಂದು ಹೆಸರು. ಅದರಲ್ಲಿ ಕಾಣುವ ಮನೆ, ದಾರಿ, ಗುಂಡಿ, ಗಿಡಮರಗಳಿಗೆ ಬೇರೆ ಬೇರೆ ಬಣ್ಣದ ಗುರುತು ಹಾಕುವುದು ಗಾನವಿಯ ಕೆಲಸ. ಬೆಳಿಗ್ಗೆ ನ್ಯೂಜಿಲೆಂಡಿನ ಪೈನ್ ಕಾಡು, ಮಧ್ಯಾಹ್ನ ಆಫ್ರಿಕಾದ ಯಾವುದೋ ಬಯಲು. ಆಫ್ರಿಕಾದ ಟೈಲುಗಳ ಮೇಲೆ ಊರಿನ ಹೆಸರಾಗಲಿ ದೇಶದ ಹೆಸರಾಗಲಿ ಇರುತ್ತಿರಲಿಲ್ಲ. ದುಬೈಯಲ್ಲಿ ನೋಂದಾಯಿಸಿದ ಒಂದು ಕಂಪನಿಗೆ, ಪರಿಸರದ ಅಧ್ಯಯನಕ್ಕಾಗಿ ಎಂದಷ್ಟೇ ಮೇಲಿನವರು ಹೇಳಿದ್ದರು.

ಈ ಟೈಲ್ ಅವಳಿಗೆ ಚೆನ್ನಾಗಿ ನೆನಪಿತ್ತು. ಗಾನವಿ ಬೆಳೆದದ್ದು ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ, ಚಿನ್ನದ ಗಣಿಯ ಕ್ವಾರ್ಟರ್ಸಿನಲ್ಲಿ. ಅಪ್ಪ ಲಿಂಗರಾಜ ನೆಲದಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಚಿಕ್ಕವಳಿದ್ದಾಗ ಊರಾಚೆಯ ಹಳ್ಳದಲ್ಲಿ ಹೆಂಗಸರು ಮರದ ಮರಿಗೆ ಹಿಡಿದು, ಮಣ್ಣು ಜಾಲಿಸುತ್ತ, ತಳದಲ್ಲಿ ಮಿಂಚುವ ಕಣಕ್ಕಾಗಿ ಬಗ್ಗಿ ನೋಡುತ್ತ ಕೂತಿರುವುದನ್ನು ಕಂಡಿದ್ದಳು. ಹೋದ ತಿಂಗಳು ಈ ಟೈಲಿನಲ್ಲಿ, ಹೊಳೆಯ ಹೊಂಡದ ಸುತ್ತ ಸಣ್ಣ ಚುಕ್ಕೆಗಳು ಹಾಗೆಯೇ ಅರ್ಧಚಂದ್ರಾಕಾರವಾಗಿ ಕೂತಿದ್ದವು. ಅವುಗಳನ್ನು ಬಹಳ ಹೊತ್ತು ನೋಡಿ, ಗುಡಿಸಲಿಗೆ ಹಳದಿ, ಅವರು ತೋಡಿದ ಗುಂಡಿಗೆ ಕೆಂಪು ಹಾಕಿ ಕಳಿಸಿದ್ದಳು. ಚೊಕ್ಕ ಕೆಲಸವೆಂದು ಮೆಚ್ಚುಗೆಯೂ ಬಂದಿತ್ತು.

ಅವಳು ಧನಂಜಯರನ್ನು ಕರೆದಳು. ತಂಡದ ಮುಖ್ಯಸ್ಥರಾದ ಧನಂಜಯ ಬೆಂಗಳೂರಿನವರು, ಆಕ್ಲೆಂಡಿಗೆ ಬಂದು ಬಹಳ ವರ್ಷಗಳಾಗಿದ್ದವು. ಬೇರಾವ ಕಚೇರಿಯೂ ಗಾನವಿಯ ಅರ್ಜಿಗೆ ಉತ್ತರ ಬರೆಯದಿದ್ದಾಗ ಕರೆದು ಕೆಲಸ ಕೊಟ್ಟವರು ಅವರೇ.

"ಸರ್, ಇಲ್ಲಿ ಮಂದಿ ಇದ್ರು. ಹೋದ ತಿಂಗಳು ನಾನೇ ಗುರ್ತು ಹಾಕೀನಿ. ಈಗ ನೋಡ್ರಿ, ಎಲ್ಲಾ ಸುಟ್ಟಾವ."

"ಹುಲ್ಲಿನ ಮನೆ ಗಾನವಿ. ಸೀಸನ್ ಮುಗಿದ್ಮೇಲೆ ಅವರೇ ಸುಟ್ಟು ಮುಂದಕ್ಕೆ ಹೋಗ್ತಾರೆ," ಎಂದರು ಧನಂಜಯ. ಹೇಳಿದ ಮೇಲೆ ಬಗ್ಗಿ ಪರದೆಯನ್ನು ನೋಡಿದರು.

ಉತ್ತರ ಮೊದಲು ಬಂದು ನೋಟ ಆಮೇಲೆ ಬಂದದ್ದು ಗಾನವಿಯ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ಸ್ವಲ್ಪ ಹೊತ್ತಿಗೆ ಅವರು ತಾವೇ ಚಹಾ ಮಾಡಿ ಅವಳ ಮೇಜಿಗೆ ತಂದಿಟ್ಟರು. ಹಿಂದೆಂದೂ ಹಾಗೆ ಮಾಡಿರಲಿಲ್ಲ.

ಮೌಂಟ್ ರಾಸ್ಕಿಲ್‌ನ ಬಾಡಿಗೆ ಮನೆಗೆ ಬಂದವಳು ತನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಎಲ್ಲರೂ ನೋಡಬಹುದಾದ ನಕ್ಷೆಯನ್ನು ತೆರೆದು ಆ ಹೊಳೆಯ ತಿರುವನ್ನು ಹುಡುಕತೊಡಗಿದಳು. ಕೆಲವು ಸಂಜೆಗಳ ಹುಡುಕಾಟದ ಮೇಲೆ ಅದು ಸಿಕ್ಕಿತು. ಪಶ್ಚಿಮ ಆಫ್ರಿಕಾದ ಮಾಲಿ. ಆ ದೇಶದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದಳು. ಬಂಡುಕೋರರನ್ನು ಹತ್ತಿಕ್ಕಲೆಂದು ಒಂದು ದೇಶದ ಸೈನ್ಯ ಬಂದು ವರ್ಷಗಟ್ಟಲೆ ಬೀಡುಬಿಟ್ಟು ಹೋಗಿತ್ತು. ಅದು ಖಾಲಿ ಮಾಡಿದ ಕಡೆ ಇನ್ನೊಂದು ದೇಶದ ಸೈನಿಕರು ಬಂದಿದ್ದರು. ಹೋದವರ ಕಣ್ಣೂ ಬಂದವರ ಕಣ್ಣೂ ಅಲ್ಲಿನ ಚಿನ್ನದ ಮೇಲೆಯೇ ಎಂದು ಒಬ್ಬರು ಬರೆದಿದ್ದರೆ, ಅದೆಲ್ಲ ಅಪಪ್ರಚಾರವೆಂದು ಇನ್ನೊಬ್ಬರು ಬರೆದಿದ್ದರು. ಬೇಲಿಯೊಳಗಿನ ಡೇರೆಗಳು ಯಾರವೆಂದು ಎಲ್ಲಿಯೂ ಇರಲಿಲ್ಲ.

ಗಂಡ ವಿಶ್ವಾಸ್‌ಗೆ ಎಲ್ಲವನ್ನೂ ಹೇಳಿದಳು. ಮೈಸೂರಿನಲ್ಲಿ ಓದುವಾಗ ಜೊತೆಯಾದವನು. ಇಲ್ಲಿ ಒನೆಹುಂಗಾದ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ಅವನು ಅನ್ನ ಕಲಸುತ್ತಲೇ ಕೇಳಿಸಿಕೊಂಡ. ಭೂಮಿಯ ಆ ತುದಿಯಲ್ಲಿ ಯಾರೋ ಏನೋ ಮಾಡಿದ್ದಕ್ಕೆ ಹೆಂಡರ್ಸನ್‌ನಲ್ಲಿ ಕೂತವಳು ಏಕೆ ಊಟ ಬಿಡಬೇಕು ಎಂದು ಕೇಳಿದ.

"ಗುಂಡಿ ಎಲ್ಲದಾವ ಅಂತ ಅವರಿಗೆ ತೋರಿಸಿದಾಕಿ ನಾನು," ಎಂದಳು ಗಾನವಿ.

ಅವನು ಮಾತು ಬದಲಿಸಿದ.

ಆ ವಾರ ಕಚೇರಿಯಲ್ಲಿ ಹೋದ ತಿಂಗಳ ಚಿತ್ರವನ್ನು ಇನ್ನೊಮ್ಮೆ ತೆರೆಯಲು ನೋಡಿದರೆ ಅನುಮತಿ ಇಲ್ಲವೆಂದು ಬಂತು. ಪಕ್ಕದವರ ಕಂಪ್ಯೂಟರಿನಲ್ಲಿ ಹಳೆಯ ಚಿತ್ರಗಳು ತೆರೆಯುತ್ತಿದ್ದವು. ಅಂದಿನಿಂದ ಗಾನವಿ ಧನಂಜಯರ ಕೋಣೆಯ ಕಡೆಗೆ ಒಂದು ಕಿವಿ ಇಟ್ಟುಕೊಂಡೇ ಕೆಲಸ ಮಾಡಿದಳು. ಅವರು ಫೋನಿನಲ್ಲಿ ದನಿ ತಗ್ಗಿಸಿದರೆ ಅವಳ ಕೈ ನಿಲ್ಲುತ್ತಿತ್ತು. ಬಾಗಿಲು ಮುಚ್ಚಿದರೆ, ತನ್ನ ವಿಷಯವೇ ಇರಬೇಕೆಂದು ಅನಿಸುತ್ತಿತ್ತು.

ಶನಿವಾರ ಧನಂಜಯ, ಹೆಂಡತಿ ರಮಾ ಜೊತೆ ಮನೆಗೇ ಬಂದರು. ತಮ್ಮ ಹಿತ್ತಲಲ್ಲಿ ಬೆಳೆದದ್ದೆಂದು ರಮಾ ಒಂದು ಚೀಲ ನಿಂಬೆಹಣ್ಣು ಕೊಟ್ಟರು. ಉಪ್ಪಿಟ್ಟು, ಕಾಫಿ ಆಯಿತು. ಇಲ್ಲಿಯೇ ನೆಲೆಸಲು ಗಾನವಿ ಹಾಕಿದ್ದ ರೆಸಿಡೆನ್ಸಿ ಅರ್ಜಿ ಎಲ್ಲಿಗೆ ಬಂತೆಂದು ಧನಂಜಯ ವಿಚಾರಿಸಿದರು. ಕಂಪನಿಯ ಕಡೆಯಿಂದ ಆಗಬೇಕಾದ ಬೆಂಬಲ ತಮ್ಮ ಜವಾಬ್ದಾರಿ ಎಂದರು. ಎದ್ದು ಹೊರಡುವಾಗ ಬೂಟು ಹಾಕಿಕೊಳ್ಳುತ್ತ, ತಲೆ ಎತ್ತದೆ ಹೇಳಿದರು.

"ನಕ್ಷೆಲಿ ಹುಡುಕೋದೆಲ್ಲ ಬೇಡಮ್ಮ. ಏನನ್ನೂ ಹೊರಗೆ ಬಿಡಲ್ಲ ಅಂತ ಕ್ಲೈಂಟ್‌ಗೆ ನಾವೆಲ್ಲ ಸಹಿ ಹಾಕಿ ಕೊಟ್ಟಿರೋರು."

ನಕ್ಷೆಯ ವಿಷಯವನ್ನು ಅವಳು ಒಬ್ಬನಿಗೆ ಮಾತ್ರ ಹೇಳಿದ್ದಳು. ತಿರುಗಿ ವಿಶ್ವಾಸ್ ಕಡೆ ನೋಡಿದಳು. ಅವನು ಕಾಫಿ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದ.

ಕಾರು ಹೋದ ಮೇಲೆ ಕೇಳಿದಳು. "ನೀ ಹೇಳಿದಿ?"

"ಅವರೇ ಫೋನ್ ಮಾಡಿದ್ರು. ನೀನು ಯಾಕೋ ಸರಿಯಾಗಿಲ್ಲ, ಏನಾಗಿದೆ ಅಂತ ಕೇಳಿದ್ರು. ಹೇಳ್ದೆ." ಅವನ ದನಿಯಲ್ಲಿ ಕೋಪವಿರಲಿಲ್ಲ, ಹೆದರಿಕೆಯಿತ್ತು. "ನಿನ್ನ ವೀಸಾ ಆ ಕಂಪನಿ ಹೆಸರಲ್ಲಿದೆ. ನಂದು ನಿನ್ನ ಹೆಸರಲ್ಲಿದೆ. ನಾಳೆ ಹೋಗಿ ಅಂದ್ರೆ ಎಲ್ಲಿಗೆ ಹೋಗೋದು ಗಾನು?"

ಅವಳು ನಿಂಬೆಹಣ್ಣಿನ ಚೀಲವನ್ನು ಎತ್ತಿಕೊಂಡು ಹೋಗಿ ಗೇಟಿನ ಬಳಿ, ಬೇಕಾದವರು ಒಯ್ಯಲೆಂದು ಇಟ್ಟು ಬಂದಳು. ಅವತ್ತಿನಿಂದ ಮನೆಯಲ್ಲೂ ಮಾತನ್ನು ಅಳೆದು ಆಡತೊಡಗಿದಳು. ವಿಶ್ವಾಸ್ ಫೋನ್ ಹಿಡಿದು ಹಿತ್ತಲಿಗೆ ಹೋದರೆ ಕಿಟಕಿಯಿಂದ ನೋಡುವಂತಾದಳು. ಅವನು ತಾಯಿಯ ಜೊತೆ ಮಾತಾಡುತ್ತಿರುತ್ತಿದ್ದ. ಅದು ಗೊತ್ತಾದರೂ ನೋಡುವುದನ್ನು ಬಿಡಲಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಇನ್ನೊಂದು ಟೈಲ್ ಬಂತು. ತುರ್ತು ಎಂಬ ಗುರುತು ಅದಕ್ಕಿತ್ತು. ಬೇಲಿಯ ಹೊರಗೆ ಎಲ್ಲಿಯಾದರೂ ಹೊಸ ಗುಡಿಸಲು, ಹೊಸ ಗುಂಡಿ ಕಂಡರೆ ಕೂಡಲೇ ತಿಳಿಸಬೇಕೆಂದು ಸೂಚನೆ. ಬೆಟ್ಟದ ಸಾಲಿನ ಆಚೆಗಿನ ಕಣಿವೆ. ಮೊದಲ ನೋಟಕ್ಕೆ ಏನೂ ಇರಲಿಲ್ಲ. ಹಿಗ್ಗಿಸುತ್ತ ಹೋದಂತೆ ಬಂಡೆಗಳ ನೆರಳಿನಲ್ಲಿ ಕೊಂಬೆ ಮತ್ತು ಬಟ್ಟೆಗಳಿಂದ ಕಟ್ಟಿದ ಮಾಡುಗಳು ಕಂಡವು, ಅವುಗಳ ಕೆಳಗೆ ಹೊಸದಾಗಿ ಅಗೆದ ಮಣ್ಣು. ಒಂದು ಹೊಂಡದ ಸುತ್ತ ಚುಕ್ಕೆಗಳು ಅರ್ಧಚಂದ್ರಾಕಾರವಾಗಿ ಕೂತಿದ್ದವು.

ಬದುಕಿದ್ದಾರೆ. ಗಾನವಿಗೆ ಕಣ್ಣು ತುಂಬಿ ಬಂತು. ಅವರೇ ಇವರೆಂದು ಹೇಳಲು ಯಾವ ಆಧಾರವೂ ಇರಲಿಲ್ಲ, ಆದರೂ ಅವಳಿಗೆ ಸಂಶಯವಿರಲಿಲ್ಲ. ಮರುಕ್ಷಣವೇ, ಇದು ತುರ್ತು ಏಕೆಂದು ಹೊಳೆಯಿತು. ಅವರನ್ನು ಯಾರೋ ಹುಡುಕುತ್ತಿದ್ದಾರೆ. ಹುಡುಕುವುದಕ್ಕೆ ತನ್ನ ಕಣ್ಣನ್ನು ಕೇಳುತ್ತಿದ್ದಾರೆ.

ಹಳದಿಯನ್ನೂ ಕೆಂಪನ್ನೂ ಮುಟ್ಟದೆ, ಇಡೀ ಕಣಿವೆಯನ್ನು ಕುರುಚಲು ಕಾಡಿನ ಹಸಿರಿನಿಂದ ತುಂಬಿ ಕಳಿಸಿಬಿಟ್ಟಳು.

ಕಳಿಸಿದರೆ ಮುಗಿಯುತ್ತಿರಲಿಲ್ಲ. ಪ್ರತಿ ಟೈಲನ್ನೂ ಇನ್ನೊಬ್ಬರು ನೋಡಿ ಸಹಿ ಮಾಡಬೇಕಿತ್ತು. ತುರ್ತಿನವನ್ನು ನೋಡುವವರು ಧನಂಜಯ. ಮಧ್ಯಾಹ್ನದ ಹೊತ್ತಿಗೆ ಅವರು ಬಂದು, ಸ್ವಲ್ಪ ಕೆಳಗೆ ಬಾ ಎಂದರು. ಇಬ್ಬರೂ ಮೆಟ್ಟಿಲಿಳಿದು ಟೈರ್ ಅಂಗಡಿಯ ಮುಂದೆ ನಿಂತರು. ಒಳಗೆ ಕೆಸರು ಮೆತ್ತಿದ ಒಂದು ಪಿಕಪ್ ಗಾಡಿ ಜಾಕಿನ ಮೇಲೆ ಏರುತ್ತಿತ್ತು.

"ಆ ಟೈಲಿಗೆ ಕುರುಚಲು ಅಂತ ಹಾಕಿದೀಯ."

"ಹೌದು ಸರ್."

"ಬರೀ ಕುರುಚಲಾ?"

ಗಾನವಿ ಅವರ ಮುಖವನ್ನೇ ನೋಡಿದಳು. "ಬರೀ ಕುರುಚಲು ಸರ್."

ಧನಂಜಯ ಆ ಗಾಡಿಯ ಕಡೆ ತಿರುಗಿದರು. ಗಾಳಿ ತುಂಬುವ ಯಂತ್ರದ ಸದ್ದು ನಿಂತ ಮೇಲೆ, "ನಾನು ನೋಡ್ಕೋತೀನಿ. ನೀನು ಮೇಲೆ ಹೋಗು," ಎಂದರು.

ಏನನ್ನು ನೋಡಿಕೊಳ್ಳುತ್ತಾರೆಂದು ಹೇಳಲಿಲ್ಲ. ಮೆಟ್ಟಿಲು ಹತ್ತುವಾಗ ಆ ಮಾತು ಅವಳಿಗೆ ಧೈರ್ಯ ಹೇಳಿದಂತೆ ಕೇಳಿಸಿತ್ತು. ಬಸ್ಸಿನಲ್ಲಿ ಕೂತಾಗ ಬೆದರಿಕೆಯಂತೆ ಕೇಳಿಸಿತು. ಅವರೇ ಕೂತು ಹಳದಿ, ಕೆಂಪು ಹಾಕಿ ಕಳಿಸುತ್ತಿರುವ ದೃಶ್ಯ ಮನೆ ತಲುಪುವ ಹೊತ್ತಿಗೆ ಕಣ್ಣಿಗೆ ಕಟ್ಟಿತ್ತು.

ಮರುವಾರವೇ ಅವಳನ್ನು ಆಫ್ರಿಕಾದ ಕೆಲಸದಿಂದ ತೆಗೆದು, ಬೇರೊಂದು ತಂಡದಲ್ಲಿ ಕೀವಿ ಹಣ್ಣಿನ ತೋಟಗಳಿಗೆ ಹಾಕಿದರು. ರೆಸಿಡೆನ್ಸಿಗೆ ಬೇಕಾದ ಕಂಪನಿಯ ಬೆಂಬಲವೂ ಅದೇ ವಾರ ಸಿಕ್ಕಿತು. ವಿಶ್ವಾಸ್ ಕೇಸರಿಬಾತ್ ಮಾಡಿದ. ಗಾನವಿ ಒಂದು ಚಮಚ ತಿಂದು ತಟ್ಟೆ ದೂಡಿದಳು. ಬಾಯಿ ಮುಚ್ಚಿಸಲು ಕೊಟ್ಟದ್ದೆಂದು ಅವಳಿಗೆ ಖಚಿತವಾಗಿತ್ತು. ಟೈಲ್ ಏನಾಯಿತೆಂದು ಕೇಳೋಣವೆಂದರೆ ಧನಂಜಯ ಕಚೇರಿಗೆ ಬರುತ್ತಿರಲಿಲ್ಲ. ರಜೆಯಲ್ಲಿದ್ದಾರೆ ಎಂದರು. ತನಗೆ ಮುಖ ತೋರಿಸಲಾಗದೆ ಹೋಗಿದ್ದಾರೆ ಎಂದುಕೊಂಡಳು. ಫೋನ್ ಮಾಡಿದರೆ ಎತ್ತಲಿಲ್ಲ.

ನವೆಂಬರಿನ ಮೊದಲ ಭಾನುವಾರ ಮೌಂಟ್ ರಾಸ್ಕಿಲ್‌ನ ಒಂದು ಶಾಲೆಯ ಸಭಾಂಗಣದಲ್ಲಿ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವ ಇಟ್ಟುಕೊಂಡಿದ್ದರು. ಮಕ್ಕಳ ಹಾಡು ಮುಗಿದು ಊಟಕ್ಕೆ ಸಾಲು ನಿಂತಾಗ, ಬಿಸಿಬೇಳೆಬಾತಿನ ಪಾತ್ರೆಯ ಹಿಂದೆ ಸೌಟು ಹಿಡಿದ ಧನಂಜಯ ಕಂಡರು. ತೆಳ್ಳಗಾಗಿದ್ದರು. ವಿಶ್ವಾಸ್ ಇನ್ನೊಂದು ಸಾಲಿನಲ್ಲಿ ನಿಂತು ಕರೆದರೂ ಕೇಳದೆ ಗಾನವಿ ಅವರ ಸಾಲಿಗೇ ಹೋದಳು.

"ಆ ಟೈಲ್ ಹೆಂಗ ಹೋತು ಸರ್?" ಎಂದು ತಟ್ಟೆ ಮುಂದೆ ಹಿಡಿದು ಮೆಲ್ಲಗೆ ಕೇಳಿದಳು.

ಅವರು ಅವಳ ತಟ್ಟೆಗೆ ಬಡಿಸಿ, "ಬೂಂದಿ ಆ ಕಡೆ ಇದೆ, ಹಾಕಿಸ್ಕೋ," ಎಂದು ಹಿಂದಿದ್ದವರ ಕಡೆ ತಿರುಗಿದರು.

ಅವಳಿಗೆ ಮೈ ಉರಿಯಿತು. ಗೋಡೆಯ ಬದಿಯ ಕುರ್ಚಿಯಲ್ಲಿ ಹೋಗಿ ಕೂತಳು. ತುಸು ಹೊತ್ತಿಗೆ ರಮಾ ತಮ್ಮ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂತರು. ಹಿಂದಿನ ಸಲದ ನಗು ಮುಖದಲ್ಲಿರಲಿಲ್ಲ. ನಿಮಗೆಲ್ಲ ಇನ್ನೂ ರಜೆ ಅಂತಲೇ ಹೇಳುತ್ತಿದ್ದಾರಾ ಎಂದು ಕೇಳಿದರು. ಗಾನವಿ ತಲೆಯಾಡಿಸಿದಳು. ರಜೆಯಲ್ಲ, ಕೆಲಸದಿಂದ ತೆಗೆದಿದ್ದಾರೆ ಎಂದರು ರಮಾ. ಅಷ್ಟು ವರ್ಷ ದುಡಿದ ಜಾಗದಿಂದ, ಒಂದೇ ಮೀಟಿಂಗಿನಲ್ಲಿ.

"ಯಾವುದೋ ಒಂದು ಚಿತ್ರದಲ್ಲಿ ಏನೂ ಇಲ್ಲ ಅಂತ ಇವರು ಸಹಿ ಹಾಕಿದ್ರಂತೆ. ಕ್ಲೈಂಟ್ ಕಡೆ ಸೈನಿಕರು ಅಲ್ಲಿಗೇ ಹೋಗಿ ನೋಡಿದಾರೆ. ಜನ ಇದ್ರಂತೆ." ರಮಾ ತಟ್ಟೆಯ ಅನ್ನವನ್ನು ಬೆರಳಲ್ಲಿ ಅತ್ತಿತ್ತ ಸರಿಸಿದರು. "ಗುರುತು ಹಾಕಿದ್ದು ಯಾರು ಅಂತ ಕೇಳಿದಾರೆ. ಅದೂ ನಾನೇ ಅಂದ್ರಂತೆ. ಇವರು ಗುರುತು ಹಾಕೋ ಕೆಲಸ ಬಿಟ್ಟು ಎಷ್ಟು ವರ್ಷ ಆಯ್ತು." ಅವರು ತಲೆ ಎತ್ತಿ ಗಾನವಿಯನ್ನು ನೇರವಾಗಿ ನೋಡಿದರು. "ನಿನಗೇನಾದ್ರೂ ಗೊತ್ತಾ ಗಾನವಿ?"

ಗಾನವಿ ತಟ್ಟೆಯನ್ನು ಪಕ್ಕದ ಕುರ್ಚಿಯ ಮೇಲಿಟ್ಟಳು.

"ಆ ಮಂದಿಗೆ ಏನಾತು ಆಂಟಿ?"

"ಯಾವ ಮಂದಿ?" ಎಂದರು ರಮಾ.

ಎದುರಿಗೆ ಊಟದ ಸಾಲು ಕರಗಿತ್ತು. ಧನಂಜಯ ಪಾತ್ರೆಯನ್ನು ಓರೆ ಮಾಡಿ ತಳಕ್ಕೆ ಹತ್ತಿದ್ದನ್ನು ಸೌಟಿನಿಂದ ಕೆರೆಯುತ್ತಿದ್ದರು. ಕೊನೆಯಲ್ಲಿ ನಿಂತಿದ್ದ ಒಬ್ಬ ಮುದುಕಿ ತಟ್ಟೆ ಚಾಚಿದಳು. ಅವರು ಸೀದು ಹೋದ ಚೂರುಗಳನ್ನು ಒಂದೊಂದಾಗಿ ಬೆರಳಿನಿಂದ ಆರಿಸಿ ಪಕ್ಕಕ್ಕಿಟ್ಟು, ಉಳಿದದ್ದನ್ನು ಅವಳಿಗೆ ಬಡಿಸಿದರು.