ಮೂರು ತುಂಡಿನ ಮೀನು

“ಮುನೇಶ್ವರನಾಣೆಗೂ ಇದ್ರಲ್ಲಿ ಒಂದಕ್ಷರ ಸುಳ್ಳಿಲ್ಲ,” ಎನ್ನುತ್ತ ಯಲ್ಲಯ್ಯ ಭಾವನ ತಲೆಯ ಹತ್ತಿರ ಆರಿಹೋಗಿದ್ದ ಊದುಬತ್ತಿಯನ್ನು ಮತ್ತೆ ಹಚ್ಚಿದ. “ಆ ಮೀನು ಎಳೆದ ರಭಸಕ್ಕೆ ನಾನ್ ಕೂತಿದ್ದ ಕಲ್ಲು ಎರಡಡಿ ಮುಂದಕ್ಕೆ ಹೋಯ್ತು.”

ಜರಗನಹಳ್ಳಿಯ ಮನೆಯ ಮುಂದೆ ಶಾಮಿಯಾನದ ಕೆಳಗೆ ಕೂತಿದ್ದವರು ನಗಬೇಕೋ ಬೇಡವೋ ತಿಳಿಯದೆ ನೆಲ ನೋಡಿದರು. ಗಾಜಿನ ಪೆಟ್ಟಿಗೆಯೊಳಗೆ ಭಾವ ಚಿಕ್ಕಬೈರಪ್ಪ, ಈ ಕತೆಯನ್ನು ಮೊದಲೇ ಕೇಳಿದ್ದವನಂತೆ ಕಣ್ಣು ಮುಚ್ಚಿ ಮಲಗಿದ್ದ.

“ಅಷ್ಟ್ ದೊಡ್ಡ ಕಲ್ಲು ಸರೀತು ಅಂದ್ರ ಮೀನು ಎಷ್ಟ್ ತೂಕ ಇತ್ರಿ ಕಾಕಾ?” ಮೇಲಿನ ಮನೆಯ ಬಾಡಿಗೆದಾರ ಮೌನೇಶ ಕೇಳಿದ.

“ನಾಲ್ಕು ಕೆಜಿ.”

“ಕಲ್ಲು?”

“ಕಲ್ಲನ್ನ ಯಾರ್ ತೂಗ್ತಾರಪ್ಪ?”

“ಲೋ ಯಲ್ಲ, ಇವತ್ತಾದ್ರೂ ಬಾಯಿ ಮುಚ್ಕೊಂಡಿರೋ,” ಎಂದು ಒಳಗಿನಿಂದ ಅಕ್ಕ ಮುನಿವೆಂಕಟಮ್ಮ ಕೂಗಿದಳು.

ಅಷ್ಟರಲ್ಲಿ ಅವಳ ಮಗ ಶಶಿಧರ್ ಎದ್ದು ಬಂದ. ಕುಮಾರಸ್ವಾಮಿ ಲೇಔಟ್‌ನಿಂದ ಇಲ್ಲಿಗೆ ಸ್ಕೂಟರಿನಲ್ಲಿ ಹದಿನೈದು ನಿಮಿಷ. ಅವನು ಬಂದಿದ್ದು ನಾಲ್ಕು ವರ್ಷದ ನಂತರ, ಅಪ್ಪ ಸತ್ತ ಬೆಳಗ್ಗೆ.

“ಮಾವ, ಆ ನಾಲ್ಕು ಕೆಜಿದು ಬಿದ್ದಿದ್ದು ಅಪ್ಪ ಮಾಡಿದ ಮರದ ಮೀನಿಗೇನಾ?”

ಯಲ್ಲಯ್ಯ ಆಗಲೇ ಆರಿಹೋಗಿದ್ದ ಬೆಂಕಿಕಡ್ಡಿಯನ್ನು ಇನ್ನೊಮ್ಮೆ ಊದಿದ. “ಹೂಂ ಕಣಪ್ಪ.”

ಶಶಿಧರ್ ಕೈಯಲ್ಲಿದ್ದ ಕವರ್ ಬಿಚ್ಚಿದ. ಒಳಗೆ ಬಣ್ಣ ಹಚ್ಚಿದ ಮೂರು ಮರದ ಮೀನುಗಳಿದ್ದವು. “ಇವನ್ನ ಅಪ್ಪನ ಜೊತೆ ಮಣ್ಣಿಗೆ ಇಡ್ಬೇಕು. ನಂಗೇ ಗಾಳ ಹಾಕೋಕ್ ಬರ್ದೆ, ಅವ್ರ ಕೈಕೆಲ್ಸನ ಆಡ್ಕೊಂಬಿಟ್ಟೆ.”

ಯಲ್ಲಯ್ಯ ಕತೆಯನ್ನು ಅರ್ಧಕ್ಕೇ ಬಿಟ್ಟು ಊದುಬತ್ತಿಯ ಬೂದಿ ಕೊಡವಿದ. ಅವನ ಐವತ್ತೆಂಟು ವರ್ಷದಲ್ಲಿ ಹೀಗಾಗಿದ್ದು ಅದೇ ಮೊದಲು.

*

ಹೊಲವೆಲ್ಲ ಸೈಟಾಗಿ, ಸೈಟೆಲ್ಲ ಬಾಡಿಗೆ ಮನೆಯಾದ ಮೇಲೆ ಚಿಕ್ಕಬೈರಪ್ಪನಿಗೆ ಕೆಲಸವಿರಲಿಲ್ಲ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಓಡಾಟವೂ ನಿಂತಿತು. ಆಗ ಗಾಳಕ್ಕೆ ಕಟ್ಟುವ ಮರದ ಮೀನು ಕೆತ್ತಲು ಕೂತ. ಒಂದೊಂದು ಮೀನಿಗೂ ಮೂರು ತುಂಡು, ತುಂಡುಗಳ ನಡುವೆ ತಂತಿಯ ಕೊಂಡಿ. ನೀರಲ್ಲಿ ಬಳುಕಬೇಕಲ್ಲ, ಅದಕ್ಕೆ.

ಆದರೆ ಅದು ಬಣ್ಣ ಹಚ್ಚುವಾಗಲೂ ಬಳುಕುತ್ತಿತ್ತು. ತಲೆಗೆ ಕುಂಚ ಇಟ್ಟರೆ ಬಾಲ ತಿರುಗುತ್ತಿತ್ತು, ಬಾಲ ಹಿಡಿದರೆ ನಡು ಕುಸಿಯುತ್ತಿತ್ತು. ಕೊನೆಗೆ ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡ್ ತೆಗೆದು, ಖಾಲಿ ಚೌಕಟ್ಟಿನಲ್ಲಿ ಮೀನಿನ ಮೂತಿಯನ್ನು ಒಂದು ತುದಿಗೆ, ಬಾಲವನ್ನು ಇನ್ನೊಂದು ತುದಿಗೆ ತಂತಿಯಲ್ಲಿ ಬಿಗಿದ. ತಿರುಪು ತಿರುಗಿಸಿದಂತೆ ಮೂರು ತುಂಡೂ ಸೆಟೆದು ಒಂದೇ ಮೀನಾಗಿ ನಿಂತವು. ಆ ಗರಗಸವನ್ನು ಅಲ್ಲಾಡದಂತೆ ಹಿಡಿಯುವುದು ಯಲ್ಲಯ್ಯನ ಕೆಲಸ.

“ಕಣ್ ಬರೆಯೋವಾಗ ಮಾತ್ರ ಸುಳ್ ಹೇಳ್ಬೇಡ ಕಣೋ,” ಎನ್ನುತ್ತಿದ್ದ ಚಿಕ್ಕಬೈರಪ್ಪ. “ನಂಗೆ ನಗು ಬಂದ್ರೆ ಮೀನಿಗೆ ಮೆಳ್ಳೆಗಣ್ಣು ಬರುತ್ತೆ.”

ಮೊದಲ ಮರದ ಮೀನು ತೆಗೆದುಕೊಂಡು ಯಲ್ಲಯ್ಯ ನಿಜಕ್ಕೂ ಕನಕಪುರ ರಸ್ತೆಯ ಬಸ್ಸು ಹತ್ತಿ ಕಾವೇರಿಗೆ ಹೋದ. ನೀರಿಗೆ ಬಿಟ್ಟೊಡನೆ ಮರದ ಮೀನು ಹೊಟ್ಟೆ ಮೇಲಾಗಿ ತೇಲಿತು. ಸಂಜೆಯವರೆಗೂ ಒಂದು ಮರಿಮೀನೂ ಹತ್ತಿರ ಸುಳಿಯಲಿಲ್ಲ. ಬರಿಗೈಯಲ್ಲಿ ಹೇಗೆ ಹೋಗುವುದೆಂದು ದಾರಿಯ ಮೀನಂಗಡಿಯಲ್ಲಿ ಒಂದು ಕಾಟ್ಲಾ ಮೀನು ಕೊಂಡ. ಭಾವ ಅದನ್ನು ತೊಡೆಯ ಮೇಲಿಟ್ಟುಕೊಂಡು, “ನನ್ ಮೀನಿಗೇ ಬಿತ್ತಾ?” ಎಂದು ಕೇಳಿದ. ಅವನ ಕಣ್ಣು ತುಂಬಿತ್ತು.

ಮುಂದಿನ ಭಾನುವಾರ ಯಲ್ಲಯ್ಯ ನದಿಗೆ ಹೋಗಲಿಲ್ಲ. ನೇರ ಅಂಗಡಿಗೆ ಹೋದ. ಹಾಗೆ ಏಳು ವರ್ಷ.

ಮೂರನೆಯ ವರ್ಷ ಶಶಿಧರ್ ತಾನೂ ನೋಡುತ್ತೇನೆಂದು ಅಪ್ಪನ ಮೂರು ಮರದ ಮೀನು ತೆಗೆದುಕೊಂಡು ನದಿಗೆ ಹೋದ. ಬಂದವನೇ, “ಅಪ್ಪ, ಇವು ನೀರಿಗೆ ಹಾಕಿದ್ ತಕ್ಷಣ ಹೊಟ್ಟೆ ಮೇಲಾಗುತ್ವೆ. ಏನೂ ಬೀಳಲ್ಲ,” ಎಂದ.

ಕುಂಚ ನಿಂತಿತು. ಚಿಕ್ಕಬೈರಪ್ಪ ಗರಗಸ ಹಿಡಿದಿದ್ದ ಬಾಮೈದನ ಮುಖ ನೋಡಿದ.

“ಮೊನ್ನೆ ತಾನೇ ನಾಲ್ಕು ಕೆಜಿದು ಬಿತ್ತಲ್ಲ ಭಾವ,” ಎಂದ ಯಲ್ಲಯ್ಯ. ಕೈ ಒಂದಿಷ್ಟೂ ಅಲುಗಲಿಲ್ಲ.

“ಅವ್ನಿಗೆ ಬೀಳೋದು ನಿಂಗ್ಯಾಕೋ ಬೀಳಲ್ಲ? ನನ್ ಕೈಕೆಲ್ಸ ಏನ್ ಸುಳ್ಳಾ?” ಚಿಕ್ಕಬೈರಪ್ಪ ಮಗನ ಮೇಲೆ ಎಗರಿದ. ಮಗನೂ ಬಿಡಲಿಲ್ಲ. ಮಾತು ಮೀನಿನಿಂದ ಸೈಟಿಗೆ, ಸೈಟಿನಿಂದ ಸೊಸೆಗೆ ಹೋಯಿತು. ತಿಂಗಳೊಳಗೆ ಶಶಿಧರ್ ಬೇರೆ ಮನೆ ಮಾಡಿದ.

*

ಹೆಣ ಎತ್ತುವ ಮುನ್ನ ಮುನಿವೆಂಕಟಮ್ಮ ತಮ್ಮನನ್ನು ಅಡುಗೆಮನೆಗೆ ಕರೆದಳು.

“ಅಂಗಡಿ ಮೀನು ಅಂತ ನಂಗ್ ಗೊತ್ತಿತ್ತು ಕಣೋ. ಕಿವಿರು ಬಿಡಿಸಿದ್ರೆ ಐಸ್ ಉದುರೋದು. ಕೆರೆ ಮೀನು ತೊಳ್ಕೊಂಡ್ ಬೆಳೆದೋಳು ನಾನು.”

“ಮತ್ತೆ ಯಾಕಕ್ಕ ಹೇಳ್ಲಿಲ್ಲ?”

“ಅವತ್ತೊಂದಿನ ಅವ್ರು ಎರಡು ತುತ್ತು ಜಾಸ್ತಿ ಉಣ್ಣೋರು. ಸುಮ್ನಿದ್ದೆ. ಸುಮ್ನಿದ್ದೂ ಸುಮ್ನಿದ್ದೂ ಮಗನ್ನ ಕಳ್ಕೊಂಡೆ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಈಗ ಅವ್ನು ತಪ್ಪೆಲ್ಲಾ ತನ್ದೇ ಅಂತ ಹೊತ್ಕೊಂಡವ್ನೆ. ನಾನ್ ಹೇಳಿದ್ರೆ ಗಂಡನ ಮಾನ ನಾನೇ ಕಳ್ದಂಗೆ. ನೀನ್ ಮಾಡಿದ್ದು, ನೀನೇ ಹೇಳು. ಮಣ್ಣು ಮುಚ್ಚೋಕ್ ಮುಂಚೆ.”

ಸ್ಮಶಾನದಲ್ಲಿ ಶಶಿಧರ್ ನೀರಿನ ಮಡಕೆ ಹೊತ್ತು ಗುಂಡಿಯನ್ನು ಮೂರು ಸುತ್ತು ಬಂದು, ಹಿಂತಿರುಗಿ ನೋಡದೆ ಮಡಕೆ ಒಡೆದ. ಮೈಯೆಲ್ಲ ನೀರು ಸುರಿಯುತ್ತಿತ್ತು. ಯಲ್ಲಯ್ಯ ಅವನನ್ನು ತೋಳು ಹಿಡಿದು ಹೊಂಗೆ ಮರದ ಕೆಳಗೆ ಎಳೆದುಕೊಂಡು ಹೋದ.

“ಆಮೇಲ್ ಮಾತಾಡೋಣ ಮಾವ.”

“ಆಮೇಲ್ ಆಗಲ್ಲ. ಅವತ್ತು ನೀನ್ ಹೇಳಿದ್ದೇ ಸರಿ. ನಿಮ್ಮಪ್ಪನ ಮರದ ಮೀನಿಗೆ ಒಂದಿನಾನೂ ಏನೂ ಬಿದ್ದಿಲ್ಲ. ನಾನ್ ತರ್ತಿದ್ದಿದ್ದೆಲ್ಲಾ ಅಂಗಡಿ ಮೀನು.”

ಶಶಿಧರ್ ಅವನನ್ನೇ ನೋಡಿದ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಇಷ್ಟು ಚಿಕ್ಕ ಮಾತನ್ನು ಜನ ನಂಬುತ್ತಾರೆ ಎಂಬುದು ಯಲ್ಲಯ್ಯನಿಗೆ ಗೊತ್ತಿರಲಿಲ್ಲ.

“ಒಂದ್ಸಲ ಅಂತೂ ಅಂಗಡೀಲಿ ಬಂಗುಡೆ ಬಿಟ್ರೆ ಏನೂ ಇರ್ಲಿಲ್ಲ. ಅದನ್ನೇ ತಂದೆ. ಸಮುದ್ರದ ಮೀನು ಕಾವೇರೀಲಿ ಹೆಂಗ್ ಬಂತೋ ಅಂದ್ರು ನಿಮ್ಮಪ್ಪ. ಮಳೆ ಜಾಸ್ತಿ ಆಗಿ ನದಿ ಹಿಂದಕ್ ಹರೀತು ಭಾವ, ಅಂದೆ. ನಂಬಿದ್ರು ಕಣೋ!”

ಹೇಳುತ್ತ ಹೇಳುತ್ತ ಅವನ ತುಟಿಯ ಒಂದು ತುದಿ ತಾನಾಗಿಯೇ ಮೇಲೆ ಹೋಯಿತು. ಅದನ್ನು ಶಶಿಧರ್ ನೋಡಿದ.

“ಸಾಕು ಮಾವ. ನನ್ ಸಮಾಧಾನಕ್ಕೆ ಅಂತ ಇಲ್ಲೂ ಕತೆ ಕಟ್ಬೇಡಿ.”

“ಕತೆ ಅಲ್ವೋ, ಮೊದಲ್ನೇ ವಾರ ಮಾತ್ರ ನಾನು ನದಿಗೆ ಹೋಗಿದ್ದು, ಆಮೇಲೆ ಎಲ್ಲಾ ಭಾನುವಾರ ಆ ಅಂಗಡಿ ಮುಂದೆ ನಿಂತ್ಕೊಂಡು, ಇವತ್ತು ಹೇಳ್ಬಿಡೋಣ, ಇವತ್ತು ಹೇಳ್ಬಿಡೋಣ ಅಂತ—”

ಶಶಿಧರ್ ಆಗಲೇ ಗುಂಡಿಯ ಅಂಚಿನಲ್ಲಿ ಮಂಡಿಯೂರಿದ್ದ. “ತಪ್ಪಾಯ್ತಪ್ಪ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಮೂರು ಮರದ ಮೀನನ್ನೂ ಗುಂಡಿಗಿಳಿಸಿ, ಮೊದಲ ಹಿಡಿ ಮಣ್ಣು ಹಾಕಿದ. ಹೊಂಗೆ ಮರದಿಂದ ಅಲ್ಲಿಯವರೆಗೆ ಕೆಂಪು ಮಣ್ಣಿನ ಮೇಲೆ ಅವನ ಒದ್ದೆ ಹೆಜ್ಜೆಗಳಿದ್ದವು. ಬಿಸಿಲಿಗೆ ಅವು ಒಂದೊಂದಾಗಿ ಆರುತ್ತಿದ್ದವು.