ಹದಿನೇಳನೇ ಗುಂಡಿ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬೈಗುಳ ಮೊದಲು ಬಂತು, ಬೈಯುವವನು ಆಮೇಲೆ ಕಾಣಿಸಿದ.

"ಇಳಿಯೋ ಬೋಳಿಮಗನೆ. ತೋಡೋವಾಗ ಇಳಿದಿರಲಿಲ್ವಾ? ಈಗೇನು, ನಿಮ್ಮವ್ವ ಕೆಳಗಿಂದ ಕಾಲು ಹಿಡ್ಕೊಂಡು ಎಳೀತಾಳಾ?"

ಮೇಸ್ತ್ರಿಯ ದನಿ. ಬೈಸಿಕೊಳ್ಳುತ್ತಿದ್ದವನು ನನ್ನ ಗಂಡ. ಹದಿನೇಳನೇ ಗುಂಡಿಯ ಬಾಯಲ್ಲಿ ಕರಣೆ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಹತ್ತು ಗಂಟೆಗೆ ದೊಡ್ಡ ಸಾಹೇಬರು ಬರುವವರಿದ್ದರು. ಈ ಗುಡ್ಡದ ಹೊಟ್ಟೆಯಲ್ಲಿ ತಾಮ್ರ ಇದೆಯೋ ಇಲ್ಲವೋ, ಇದ್ದರೆ ಗಣಿ ತೆಗೆಯುವಷ್ಟು ಇದೆಯೋ ಎಂದು ಕೊನೆಯ ಮಾತು ಹೇಳುವವರು ಅವರೇ. ಅವರು ಬರುವ ಮೊದಲು ಗುಂಡಿಯ ಗೋಡೆಯನ್ನು ಒಂದು ಬೆರಳು ದಪ್ಪ ಕೆರೆದು ಹೊಸದು ಮಾಡಬೇಕಿತ್ತು. ಗಾಳಿ ತಾಗಿದ ಗೋಡೆ ಮಂಕಾಗುತ್ತದೆ. ಕೆರೆದರೆ ಒಳಗಿನ ಪಟ್ಟೆ ಎದ್ದು ಕಾಣುತ್ತದೆ.

ನಮ್ಮತ್ತೆ ಆ ಗುಂಡಿಗೆ ಬಿದ್ದು ಸತ್ತು ಅವತ್ತಿಗೆ ಒಂಬತ್ತು ದಿನ.

ಗಂಡ ಏಣಿ ಇಟ್ಟು ಇಳಿದ. ಅವನ ತಲೆ ಮಂಜಿನಲ್ಲಿ ಮುಳುಗಿ ಹೋಯಿತು. ಮೇಲೆ ನಿಂತಿದ್ದ ನಾವೆಲ್ಲ ಕರಣೆಯ ಸದ್ದಿಗೆ ಕಿವಿಗೊಟ್ಟು ಕಾದೆವು. ಸದ್ದು ಬರಲಿಲ್ಲ.

ನಾವು ಹದಿನಾಲ್ಕು ಮನೆಯವರು. ಇಟ್ಟಿಗೆ ಗೂಡು ಮುಚ್ಚಿದ ಮೇಲೆ ಕೈ ಕಟ್ಟಿ ಕೂತಿದ್ದಾಗ ಕಂಪನಿ ಬಂತು. ಗುಡ್ಡದ ಮೈಮೇಲೆ ದಾರ ಎಳೆದು, ಚೌಕ ಚೌಕವಾಗಿ ಅಳೆದು, ಐವತ್ತು ಮೀಟರಿಗೊಂದು ಗೂಟ ಹೊಡೆದರು. ಗೂಟ ಇದ್ದಲ್ಲಿ ಗುಂಡಿ, ಆಳೆತ್ತರಕ್ಕಿಂತ ಒಂದು ಮೊಳ ಹೆಚ್ಚು. ತೋಡುವುದು ಗಂಡಸರು, ಪಾಲು ಮಾಡುವುದು ನಾನು.

ಗುಂಡಿಯಿಂದ ಬಂದ ಮಣ್ಣನ್ನೆಲ್ಲ ಪಟ್ಟಣಕ್ಕೆ ಕಳಿಸಲಾಗುವುದಿಲ್ಲ. ಅದನ್ನು ಟಾರ್ಪಾಲಿನ ಮೇಲೆ ಗುಡ್ಡೆ ಹಾಕಿ, ನೆತ್ತಿ ಒತ್ತಿ ಚಪ್ಪಟೆ ಮಾಡಿ, ಮರದ ಪಟ್ಟಿಯಲ್ಲಿ ಗೆರೆ ಎಳೆದು ನಾಲ್ಕು ಪಾಲು ಮಾಡಬೇಕು. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಮಿಕ್ಕ ಎರಡನ್ನು ಬಿಡಬೇಕು. ಇಟ್ಟುಕೊಂಡದ್ದನ್ನು ಮತ್ತೆ ಗುಡ್ಡೆ, ಮತ್ತೆ ನಾಲ್ಕು. ಹೀಗೆ ಇಳಿಸುತ್ತ ಇಳಿಸುತ್ತ ಕೊನೆಗೆ ಎರಡು ಚೀಲ ಉಳಿಯುತ್ತದೆ. ಒಂದು ಪರೀಕ್ಷೆಗೆ ಹೋಗುತ್ತದೆ. ಇನ್ನೊಂದು ಸಾಕ್ಷಿ ಚೀಲ, ಶೆಡ್ಡಿನಲ್ಲಿ ಬೀಗದೊಳಗೆ ಇರುತ್ತದೆ. ಒಂದು ಪಾಲಿಗೆ ಹೆಂಟೆ ಹೆಚ್ಚಾಗಿ ಇನ್ನೊಂದಕ್ಕೆ ಪುಡಿ ಹೆಚ್ಚಾದರೆ ಇಡೀ ಗುಡ್ಡವೇ ಸುಳ್ಳು ಹೇಳಿದ ಹಾಗೆ.

ಇದನ್ನೆಲ್ಲ ನನಗೆ ಕಲಿಸಿದವರು ಸುತ್ತಿಗೆ ಸಾಹೇಬರು. ಕಲ್ಲು ಓದಲು ಬಂದವರು. ಸೊಂಟದಲ್ಲಿ ಯಾವಾಗಲೂ ಪುಟ್ಟ ಸುತ್ತಿಗೆ ಇರುತ್ತಿತ್ತು, ಅದಕ್ಕೇ ಆ ಹೆಸರು. ಒಳ್ಳೆಯವರು. ಒಂದು ದಿನವೂ ದನಿ ಏರಿಸಿದವರಲ್ಲ. ನಿಮ್ಮ ಕೈ ತಕ್ಕಡಿ ಇದ್ದ ಹಾಗಿದೆ ಅಮ್ಮ ಎಂದು ಹತ್ತು ಜನರ ಮುಂದೆ ಹೊಗಳಿದ್ದರು.

ನಾನು ಅದನ್ನು ಮನೆಯಲ್ಲಿ ಹೇಳಿಕೊಂಡರೆ ಅತ್ತೆ ಒಲೆಯ ಮುಂದೆ ಕೂತಲ್ಲಿಂದಲೇ ಅಂದರು: "ಮಣ್ಣಿಗೆ ತಕ್ಕಡಿ, ಉಪ್ಪಿಗೆ ಮಾತ್ರ ಕೈ ನಡುಗುತ್ತೆ. ಇವಳ ಅಡುಗೇನ ನಾಲ್ಕು ಪಾಲು ಮಾಡಿದ್ರೆ ಮೂರರಲ್ಲಿ ಉಪ್ಪೇ ಇರಲ್ಲ, ನಾಲ್ಕನೇದನ್ನ ಬಾಯಿಗಿಡಕ್ಕಾಗಲ್ಲ."

ಅತ್ತೆಗೆ ಕಣ್ಣು ಹೋಗಿ ಆರು ವರ್ಷವಾಗಿತ್ತು. ಆದರೂ ಮನೆಯ ಹೊಸಿಲಿನಿಂದ ಊಟೆಯ ತನಕ, ನೀರು ಜಿನುಗುವ ಆ ತಗ್ಗಿನ ತನಕ, ಒಬ್ಬರೇ ಹೋಗಿ ಬರುತ್ತಿದ್ದರು. ಇನ್ನೂರ ಹತ್ತು ಹೆಜ್ಜೆ. ಕೈ ಹಿಡಿಯಲು ಹೋದರೆ ಕೊಡವುತ್ತಿದ್ದರು, ಎಣಿಕೆ ತಪ್ಪಿಸಬೇಡ ಎಂದು ಗದರುತ್ತಿದ್ದರು. ಒಲೆ ಸಾರಿಸುವುದಕ್ಕೆ ಊಟೆಯ ದಡದಿಂದ ಒಂದು ಬೊಗಸೆ ಜೇಡಿಮಣ್ಣು ತರುತ್ತಿದ್ದರು. ಸಾರಿಸಿ ಮಿಕ್ಕಿದ್ದು ಚಿಟಿಕೆಯಷ್ಟಿದ್ದರೂ ಎಸೆಯುತ್ತಿರಲಿಲ್ಲ. ಮಾರನೆಯ ದಿನ ಅಲ್ಲಿಗೇ ಒಯ್ದು, ತಗೋ ತಾಯಿ ಎಂದು ಇಟ್ಟು ಬರುತ್ತಿದ್ದರು. ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. ಅವಳದ್ದಲ್ವಾ ಅಂದರು, ಅಷ್ಟೇ.

ಹದಿನೇಳನೇ ಗೂಟ ಬಿದ್ದದ್ದು ಆ ದಾರಿಯ ನಟ್ಟನಡುವೆ, ಅತ್ತೆಯ ನೂರ ನಲವತ್ತನೇ ಹೆಜ್ಜೆಯಲ್ಲಿ.

ಒಂದು ಮಾರು ಆಚೆಗೆ ಸರಿಸಿ ಎಂದು ಗಂಡ ಕೇಳಿಕೊಂಡ. ನಿಮ್ಮಪ್ಪ ಬರೆದಿಟ್ಟ ನಕ್ಷೆಯೇನೋ ಸೂಳೆಮಗನೆ ಎಂದ ಮೇಸ್ತ್ರಿ. ಸುತ್ತಿಗೆ ಸಾಹೇಬರು ಮಾತ್ರ ಹೆಗಲ ಮೇಲೆ ಕೈಯಿಟ್ಟು ತಿಳಿಸಿ ಹೇಳಿದರು. ಒಂದು ಗೂಟ ಸರಿದರೆ ಇಡೀ ಚೌಕ ಸರಿಯುತ್ತದಂತೆ. ಶೆಡ್ಡಿನ ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ಬೆರಳಿಟ್ಟು ಓದಿಯೂ ತೋರಿಸಿದರು. ತೆಗೆದ ಮಣ್ಣಿನಿಂದಲೇ ಮೂರು ದಿನದೊಳಗೆ ಗುಂಡಿ ಮುಚ್ಚಲಾಗುವುದು ಎಂದಿತ್ತು ಅದರಲ್ಲಿ. ಮೂರು ದಿನ ತಾನೇ ಎಂದುಕೊಂಡು ಗಂಡ ಗುದ್ದಲಿ ಎತ್ತಿದ.

ಎದೆಮಟ್ಟ ಇಳಿದಾಗ ಸುಟ್ಟ ಇಟ್ಟಿಗೆ ಬಣ್ಣದ ಪಟ್ಟೆ ಬಂತು. ಅದರೊಳಗೆ ಅಲ್ಲಲ್ಲಿ ಹಸಿರು, ಹಳೆಯ ತಾಮ್ರದ ಬಿಂದಿಗೆಗೆ ಕಿಲುಬು ಹಿಡಿದ ಹಾಗೆ. ಸುತ್ತಿಗೆ ಸಾಹೇಬರು ಗುಂಡಿಗೆ ಇಳಿದು ಮಂಡಿಯೂರಿ ಕೂತರು. ಒಂದು ಚೂರನ್ನು ನಾಲಿಗೆಗೆ ತಾಗಿಸಿ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು, ಅದನ್ನು ನಾನೇ ನೋಡಿದೆ. ಆಮೇಲೆ ಗೋಡೆಯನ್ನು ಪದರ ಪದರವಾಗಿ ಅಳೆದು ಪುಸ್ತಕದಲ್ಲಿ ಬರೆದುಕೊಂಡರು. ಬೇರಿನ ಎಳೆಯನ್ನೂ ಬಿಡಲಿಲ್ಲ. ಎಷ್ಟು ಚೆಂದದ ಚಿತ್ರ.

ಮೂರು ದಿನ ಕಳೆಯಿತು, ಆರಾಯಿತು. ಪರೀಕ್ಷೆಯ ಉತ್ತರ ಬರಲಿ ಎಂದರು. ಅಷ್ಟರಲ್ಲಿ ಗಂಡ ಮುಳ್ಳುಕಂಟಿ ಕಡಿದು ತಂದು ಗುಂಡಿಯ ಸುತ್ತ ಬೇಲಿಯಂತೆ ಇಟ್ಟ. ಅತ್ತೆಯನ್ನು ಕರೆದೊಯ್ದು ಕೋಲಿನಿಂದ ಮುಟ್ಟಿಸಿ ತೋರಿಸಿದ. ನೂರ ಮೂವತ್ತೆಂಟು, ಮುಳ್ಳು, ಎಡಕ್ಕೆ ಹನ್ನೊಂದು, ಮತ್ತೆ ನೇರ. ಎರಡೇ ದಿನದಲ್ಲಿ ಅತ್ತೆ ಅದನ್ನೂ ಕಲಿತರು. ಈ ವಯಸ್ಸಲ್ಲಿ ಹೊಸ ದಾರಿ ಕೊಟ್ರಲ್ಲಪ್ಪ ನಿಮ್ಮ ಕಂಪನಿಯೋರು ಎಂದು ನಕ್ಕರು.

ಹನ್ನೆರಡನೆಯ ದಿನ ಉತ್ತರ ಬಂತು. ಇಡೀ ಗುಡ್ಡದಲ್ಲಿ ಹದಿನೇಳರಷ್ಟು ತಾಮ್ರ ಇನ್ನೆಲ್ಲೂ ಇರಲಿಲ್ಲ. ಶೆಡ್ಡಿನ ಮುಂದೆ ಕುಡಿಯಲು ಬಾಟಲಿ ತೆರೆದರು. ದೊಡ್ಡ ಸಾಹೇಬರಿಗೆ ಕಳಿಸಲು ಗುಂಡಿಯ ಫೋಟೋ ಬೇಕಾಯಿತು. ಮುಳ್ಳು ಅಡ್ಡ ಬರುತ್ತದೆಂದು ಎಳೆದು ಪಕ್ಕಕ್ಕೆ ಹಾಕಿದರು. ಫೋಟೋ ಆಯಿತು. ಮುಳ್ಳು ಪಕ್ಕದಲ್ಲೇ ಉಳಿಯಿತು.

ಅದು ನಮಗೆ ಗೊತ್ತಿರಲಿಲ್ಲ. ನಮ್ಮನ್ನು ಆವತ್ತೂ ಮಾರನೆಯ ದಿನವೂ ಗುಡ್ಡದ ಆಚೆಯ ಕೆಲಸಕ್ಕೆ ಹಾಕಿದ್ದರು.

ಮಾರನೆಯ ದಿನ ಬೆಳಿಗ್ಗೆ ಅತ್ತೆ ನೂರ ಮೂವತ್ತೆಂಟಕ್ಕೆ ನಿಂತು ಕೋಲು ಆಡಿಸಿರಬೇಕು. ಮುಳ್ಳು ಸಿಕ್ಕದೆ, ಎಣಿಕೆ ತಪ್ಪಿತೆಂದುಕೊಂಡು ಇನ್ನೊಂದು ಹೆಜ್ಜೆ ಇಟ್ಟಿರಬೇಕು. ಆಮೇಲೆ ಇನ್ನೊಂದು.

ನೂರು ಗಜ ಆಚೆ ಬೋರ್ ಯಂತ್ರ ಕೊರೆಯುತ್ತಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಸಮ. ಅವರ ಕೂಗು ಯಾರಿಗೂ ಕೇಳಿಸಲಿಲ್ಲ. ಸಂಜೆ ಯಂತ್ರ ನಿಂತಾಗ ಕೇಳಿಸಿದ್ದು ಕೂಗಲ್ಲ, ನರಳಾಟ. ಸೊಂಟ ಮುರಿದಿತ್ತು. ಬೆರಳುಗಳಲ್ಲಿ ಉಗುರು ಉಳಿದಿರಲಿಲ್ಲ, ಉಗುರಿದ್ದ ಜಾಗದಲ್ಲಿ ಇಟ್ಟಿಗೆ ಬಣ್ಣದ ಮಣ್ಣು ತುಂಬಿತ್ತು. ಜೀಪು ಕೇಳಿದೆವು. ಜೀಪಿನ ತುಂಬ ಪರೀಕ್ಷೆಗೆ ಹೋಗುವ ಚೀಲಗಳಿದ್ದವು. ಇಳಿಸಿದರೆ ನಂಬರು ಕಲಸಿ ಹೋಗುತ್ತದೆ ಎಂದ ಮೇಸ್ತ್ರಿ. ಸುತ್ತಿಗೆ ಸಾಹೇಬರು ಚೀಲಗಳನ್ನು ನೋಡಿದರು, ಅತ್ತೆಯನ್ನು ನೋಡಿದರು, ಮತ್ತೆ ಚೀಲಗಳನ್ನು ನೋಡಿದರು.

ನಾನು ಪಾಲು ಮಾಡುವ ಟಾರ್ಪಾಲಿನಲ್ಲೇ ಮಲಗಿಸಿ, ನಾಲ್ಕು ಮೂಲೆಗೆ ನಾಲ್ಕು ಜನ ಹಿಡಿದು ಹೊತ್ತರು. ಇಳಿಜಾರಿನಲ್ಲಿ ಅತ್ತೆ ಒಂದೇ ಮಾತು ಆಡಿದ್ದು.

"ಮುಳ್ಳು ಎಲ್ಲಿ ಹೋಯ್ತೋ ಮಗಾ?"

ಹಳ್ಳ ದಾಟುವುದರೊಳಗೆ ಹೋಗಿಬಿಟ್ಟರು.

ಮರುದಿನ ಮೇಸ್ತ್ರಿ ನಮ್ಮ ಬಾಗಿಲಿಗೆ ಬಂದ. ಹೆಣ ನೋಡಲು ಇರಬೇಕೆಂದು ಜನ ದಾರಿ ಬಿಟ್ಟರು. ಅವನು ಬಂದದ್ದು ಟಾರ್ಪಾಲು ಕೇಳಲು.

ಮಣ್ಣು ಮಾಡಿ ಬಂದ ಮೇಲೆ ಗಂಡ ಕೇಳಿದ್ದು ಒಂದೇ. ಪರಿಹಾರ ಕೇಳಲಿಲ್ಲ, ಯಾರ ತಲೆಯನ್ನೂ ಕೇಳಲಿಲ್ಲ. ಗುಂಡಿ ಮುಚ್ಚಲು ಬಿಡಿ ಎಂದ. ಮಣ್ಣು ಪಕ್ಕದಲ್ಲೇ ಇತ್ತು, ಗುದ್ದಲಿ ಅವನದೇ, ಕೂಲಿಯೂ ಬೇಡವೆಂದ. ದೊಡ್ಡ ಸಾಹೇಬರು ನೋಡುವ ತನಕ ಗುಂಡಿಯ ಹತ್ತಿರ ಸುಳಿದರೆ ಕೈ ಮುರಿಯುತ್ತೇನೆ, ಹದಿನಾಲ್ಕು ಮನೆಯ ಕೆಲಸವೂ ಹೋಗುತ್ತದೆ ಎಂದ ಮೇಸ್ತ್ರಿ. ಸುತ್ತಿಗೆ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, ನನಗೂ ತಾಯಿ ಇದ್ದಾರೆ ಅಮ್ಮ, ಆದರೆ ನನ್ನ ಕೈಯಲ್ಲಿ ಏನಿದೆ ಎಂದರು. ಅವರ ಕೈಯಲ್ಲಿ ಪುಸ್ತಕ ಇತ್ತು.

ಹಾಗಾಗಿ ಒಂಬತ್ತನೇ ದಿನ ಗಂಡ ಗುಂಡಿಯೊಳಗೆ, ನಾವು ಮೇಲೆ.

ಬಹಳ ಹೊತ್ತಿನ ಮೇಲೆ ಅವನು ಏಣಿ ಹತ್ತಿ ಬಂದ. ಕರಣೆಗೆ ಒಂದು ಕಾಳು ಮಣ್ಣೂ ಅಂಟಿರಲಿಲ್ಲ. ನನ್ನ ಹತ್ತಿರ ಬಂದು, ನನಗೊಬ್ಬಳಿಗೇ ಕೇಳುವ ಹಾಗೆ ಅಂದ: "ಗೋಡೆ ಮೇಲೆ ಅವ್ವನ ಕೈ ಇದೆ ಕಣೆ. ನಾನು ಕೆರೆಯಲ್ಲ."

ನಾನು ಬಗ್ಗಿ ನೋಡಿದೆ. ಮಂಜು ಸ್ವಲ್ಪ ಹರಿದಿತ್ತು. ಒದ್ದೆ ಜೇಡಿಯಲ್ಲಿ, ಕೂತವರ ಕೈ ಎಟುಕುವ ಎತ್ತರದಿಂದ ಕೆಳಕ್ಕೆ ಎಂಟು ಗೆರೆ. ಅದರ ಪಕ್ಕ ಇನ್ನೊಮ್ಮೆ, ಅಷ್ಟು ಎತ್ತರ ಎಟುಕದೆ. ಇನ್ನೊಮ್ಮೆ, ಇನ್ನೂ ಕೆಳಗೆ. ಇಟ್ಟಿಗೆ ಬಣ್ಣದ ಪಟ್ಟೆಯನ್ನು ಸೀಳಿಕೊಂಡು ಹೋಗಿದ್ದವು.

ಮೇಸ್ತ್ರಿ ಕೈ ಎತ್ತಿದ. ಅಷ್ಟರಲ್ಲಿ ಜೀಪಿನ ಸದ್ದು ಕೇಳಿಸಿತು. ಎತ್ತಿದ ಕೈಯನ್ನು ಹಾಗೇ ಹಣೆಗೊಯ್ದು ಸಲಾಮು ಮಾಡಿದ.

ದೊಡ್ಡ ಸಾಹೇಬರು ವಯಸ್ಸಾದವರು. ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿಕೊಂಡಿದ್ದರು. ಗುಂಡಿಯ ಅಂಚಿಗೆ ಬಂದು ಟಾರ್ಚು ಬಿಟ್ಟು ನೋಡಿದರು. ಪಟ್ಟೆ ಕಂಡು ತಲೆದೂಗಿದರು. ಆಮೇಲೆ ಬೆಳಕು ಒಂದು ಕಡೆ ನಿಂತಿತು.

"ಇವೇನು ಗೀರು?"

"ಯಾವುದೋ ಪ್ರಾಣಿ ಬಿದ್ದಿತ್ತು ಸರ್," ಎಂದ ಮೇಸ್ತ್ರಿ.

ದೊಡ್ಡ ಸಾಹೇಬರು ಅವನನ್ನು ಬಿಟ್ಟು ಸುತ್ತಿಗೆ ಸಾಹೇಬರ ಕಡೆ ನೋಡಿದರು. ಸುತ್ತಿಗೆ ಸಾಹೇಬರು ಪುಸ್ತಕ ತೆರೆದು ಆ ಗೋಡೆಯ ಚಿತ್ರವನ್ನು ಹುಡುಕುವವರ ಹಾಗೆ ಹಾಳೆ ಮಗುಚಿದರು. ನಾವೆಲ್ಲ ಅವರ ಬಾಯಿಯನ್ನೇ ನೋಡುತ್ತಿದ್ದೆವು.

"ಹೌದು ಸರ್," ಎಂದರು ಪುಸ್ತಕದಿಂದ ತಲೆ ಎತ್ತದೆ. "ಪ್ರಾಣಿ."

ಸರಿ, ಸಾಕ್ಷಿ ಚೀಲ ತರಿಸಿ ಎಂದರು ದೊಡ್ಡ ಸಾಹೇಬರು. ತಮ್ಮ ಕಣ್ಣೆದುರೇ ಪಾಲು ಮಾಡಿಸಿ ಒಯ್ದು ಇನ್ನೊಮ್ಮೆ ಪರೀಕ್ಷೆ ಮಾಡಿಸುವುದು ಅವರ ಪದ್ಧತಿ. ಬೇರೆಯವರ ಉತ್ತರವನ್ನು ಅವರು ನಂಬುವುದಿಲ್ಲವಂತೆ. ಯಾರು ಪಾಲು ಮಾಡುವುದು ಎಂದು ಕೇಳಿದಾಗ ಸುತ್ತಿಗೆ ಸಾಹೇಬರು ನನ್ನನ್ನು ತೋರಿಸಿದರು. ತಕ್ಕಡಿಯ ಮಾತನ್ನು ಆವತ್ತು ಹೇಳಲಿಲ್ಲ.

ನಾನು ಚೀಲ ತಂದೆ. ಟಾರ್ಪಾಲನ್ನು ಗುಂಡಿಯ ಅಂಚಿಗೇ ಹಾಸಿದೆ. ನೀರಿನಲ್ಲಿ ಎಷ್ಟು ತಿಕ್ಕಿದ್ದರೂ ನಡುವೆ ಒಂದು ಕಲೆ ಉಳಿದಿತ್ತು. ಚೀಲದ ಮೊಹರು ಒಡೆದು ಮಣ್ಣು ಸುರಿದೆ, ಗುಡ್ಡೆ ಮಾಡಿದೆ, ನೆತ್ತಿ ಒತ್ತಿದೆ. ಪಟ್ಟಿ ಹಿಡಿದು ಒಂದು ಗೆರೆ ಎಳೆದೆ, ಅಡ್ಡಲಾಗಿ ಇನ್ನೊಂದು. ನಾಲ್ಕು ಪಾಲು. ನನ್ನ ಜನ್ಮದಲ್ಲಿ ಅಷ್ಟು ಸಮನಾಗಿ ನಾನು ಯಾವತ್ತೂ ಮಾಡಿರಲಿಲ್ಲ. ದೊಡ್ಡ ಸಾಹೇಬರೂ ಭೇಷ್ ಎಂದರು. ಯಾವ ಎರಡು ಪಾಲು ಇಟ್ಟುಕೊಳ್ಳುತ್ತೀರಿ ಎಂದು ಕೇಳಿದರು.

ನಾನು ಪಟ್ಟಿಯನ್ನು ಕೆಳಗಿಟ್ಟೆ. ಟಾರ್ಪಾಲಿನ ಎರಡು ಮೂಲೆ ಹಿಡಿದೆ. ಗಂಡನನ್ನು ನಾನು ಕರೆಯಲಿಲ್ಲ. ಅವನೇ ಬಂದು ಇನ್ನೆರಡು ಮೂಲೆ ಹಿಡಿದ, ಆವತ್ತು ಇಳಿಜಾರಿನಲ್ಲಿ ಹಿಡಿದ ಹಾಗೆಯೇ, ಅಲುಗದಂತೆ. ಎತ್ತಿದೆವು. ಗುಂಡಿಯ ಕಡೆಗೆ ವಾಲಿಸಿದೆವು. ನಾಲ್ಕೂ ಪಾಲು ಒಟ್ಟಿಗೆ ಜಾರಿ ಹೋಯಿತು. ಹೆಚ್ಚು ಸದ್ದೇನೂ ಆಗಲಿಲ್ಲ.

"ಅದು ಪ್ರಾಣಿ ಅಲ್ಲ ಸಾಹೇಬ್ರೇ," ಎಂದೆ. "ನಮ್ಮತ್ತೆ."

ಮೇಸ್ತ್ರಿ ಬೈಯುತ್ತಿದ್ದ. ಲೌಡಿ, ಮುಂಡೆ, ಹಾದರಗಿತ್ತಿ ಎಂದೆಲ್ಲ. ನನ್ನ ಗಂಡ ಗುದ್ದಲಿ ಎತ್ತಿಕೊಂಡದ್ದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ. ಗಂಡ ಅವನ ಕಡೆ ತಿರುಗಿಯೂ ನೋಡಲಿಲ್ಲ. ಪಕ್ಕದ ಮಣ್ಣಿನ ರಾಶಿಗೆ ಗುದ್ದಲಿ ಹಾಕಿ ಎಳೆದ. ಮೊದಲ ಮಣ್ಣು ಬಿತ್ತು. ಹದಿನಾಲ್ಕು ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಂದು ಗುದ್ದಲಿ, ಇನ್ನೊಂದು, ಎರಡು ಸಲಿಕೆ. ಬರಿಗೈಯವರು ಕಾಲಿನಿಂದ ತಳ್ಳಿದರು. ಗೋಡೆಯ ಗೀರುಗಳು ಕೆಳಗಿನಿಂದ ಒಂದೊಂದೇ ಮುಚ್ಚುತ್ತ ಬಂದವು. ಅತಿ ಮೇಲಿನ ಎಂಟು ಗೆರೆ ಕೊನೆಗೆ.

ನಾಳೆಯೇ ಬೇರೆ ಆಳು ತಂದು ತೋಡಿಸುತ್ತೇನೆ, ನಿಮ್ಮ ಮನೆಗಳ ಅಡಿಯಲ್ಲೂ ತೋಡಿಸುತ್ತೇನೆ ಎಂದು ಮೇಸ್ತ್ರಿ ಕೂಗುತ್ತಿದ್ದ. ತೋಡಿಸುತ್ತಾನೆ, ಗೊತ್ತು. ದೊಡ್ಡ ಸಾಹೇಬರು ಶೂಗೆ ಮಣ್ಣು ತಾಗದಂತೆ ಹಿಂದೆ ನಿಂತಿದ್ದರು. ಸುತ್ತಿಗೆ ಸಾಹೇಬರ ಪುಸ್ತಕ ತೆರೆದೇ ಇತ್ತು, ಪೆನ್ನು ಆಡುತ್ತಿರಲಿಲ್ಲ.

ದಾರಿ ಮಟ್ಟಕ್ಕೆ ಬಂದ ಮೇಲೆ ನಾನು ಟಾರ್ಪಾಲು ಕೊಡವಿ ಮಡಿಸಲು ಹೋದೆ. ಹೊಲಿಗೆಯ ಸಂದಿನಲ್ಲಿ ಒಂದು ಚಿಟಿಕೆ ಇಟ್ಟಿಗೆ ಬಣ್ಣದ ಪುಡಿ ಸಿಕ್ಕಿಕೊಂಡಿತ್ತು. ಉಗುರಿನಿಂದ ಬಿಡಿಸಿ ತೆಗೆದೆ. ನೂರ ನಲವತ್ತನೇ ಹೆಜ್ಜೆ ಬೀಳುವ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ತಗೋ ತಾಯಿ ಎಂದು ಇಟ್ಟೆ.