ಒತ್ತಬೇಡ ಗುಬ್ಬೀ

ಕೀಲಿಮಣೆಯ ಸಂದಿಯಲ್ಲಿ ಒಂದೆಳೆ ಹತ್ತಿ, ಎಷ್ಟು ಊದಿದರೂ ಹೋಗದು, ಹಾಸಿಗೆ ಕಾರ್ಖಾನೆಯ ಆಫೀಸೆಂದರೆ ಹೀಗೇ, ಕೆಳಗೆ ಯಂತ್ರ ಹೊಲಿಯುತ್ತದೆ, ಮೇಲೆ ಜನರೂ ಕಂಪ್ಯೂಟರುಗಳೂ ಸೇರಿ ಸೀನುತ್ತಾರೆ, ಇರಲಿ ಬಿಡು, ಇವತ್ತು ಅವಳಿಗೆ ಹತ್ತಿಯ ಮೇಲೂ ಪ್ರೀತಿ, ಇವತ್ತು ಅವಳು ಅಜ್ಜಿ — ಅಜ್ಜಿ! ಕೆಟ್ಟ ಕಂಪ್ಯೂಟರು ಸರಿಮಾಡುವ ಅಕ್ಕ ಎಂದು ಇಡೀ ಆಫೀಸು ಕರೆಯುವ ಇವಳು ಆಸ್ಪತ್ರೆಯಿಂದ ಸೀದಾ ಬಂದಿದ್ದಾಳೆ, ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಅಳಿಯನದು, ಆದರೇನು, ಕಾಲು ನೆಲದ ಮೇಲಿದ್ದರೆ ತಾನೇ — ಅಮ್ಮಾ ನೋಡು, ಇವಳು ಒಂದೇ ಕಣ್ಣು ಬಿಡ್ತಾಳೆ, ಅಂದಿದ್ದಳು ಬೆಳಿಗ್ಗೆ ಆಸ್ಪತ್ರೆಯಲ್ಲಿ ಮಗಳು, ಹಣೆಯೆಲ್ಲ ಬೆವರು, ಬಾಯಿತುಂಬ ನಗು, ಹೌದಲ್ಲ, ಬಟ್ಟೆಯ ಸುತ್ತಿನೊಳಗಿಂದ ಎಡಗಣ್ಣು ಮಾತ್ರ ತೆರೆದಿದೆ, ಇನ್ನೊಂದು ಬಿಗಿಯಾಗಿ ಮುಚ್ಚಿದೆ, ಯಾರಮ್ಮಾ ನೀನು, ಮೊದಲು ಗುರುತು ಹೇಳು ಅನ್ನುವ ಹಾಗೆ, ನನ್ನ ಮೊಮ್ಮಗಳೇ ಸರಿ, ಅನುಮಾನ ರಕ್ತದಲ್ಲೇ ಬಂದಿದೆ, ಅಂದುಕೊಂಡು ಹಿಗ್ಗಿಹೋದವಳು ಅಲ್ಲೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಆಗ ತೆಗೆದ ಫೋಟೋದ ಲಿಂಕ್ ಹಾಕಿ, ಆಫೀಸಿನವರಿಗೆಲ್ಲ ಒಂದು ಮೇಲ್ ಕಳಿಸಿಯೇಬಿಟ್ಟಳು, ನಾನು ಅಜ್ಜಿಯಾದೆ, ಮಗು ನೋಡಲು ತಕ್ಷಣ ಇಲ್ಲಿ ಒತ್ತಿ, ಇಂತಿ ನಿಮ್ಮ ಕಂಪ್ಯೂಟರ್ ಅಕ್ಕ.

ತಕ್ಷಣ ಇಲ್ಲಿ ಒತ್ತಿ — ಈಗ ಮೇಜಿನ ಮುಂದೆ ಅದನ್ನು ಓದಿದವಳು ನಾಲಿಗೆ ಕಚ್ಚಿಕೊಂಡಳು, ಅಯ್ಯೋ ಶಿವನೇ, ಕಳಿಸಿದ್ದು ಆಫೀಸಿನ ಮೇಲ್ ವಿಳಾಸದಿಂದಲ್ಲ, ತನ್ನ ಸ್ವಂತದ್ದರಿಂದ, ಇಲ್ಲಿ ಯಾರೂ ಕಂಡರಿಯದ್ದು, ತಿಂಗಳು ತಿಂಗಳೂ ಗಿಣಿಗೆ ಹೇಳಿದ ಹಾಗೆ ಹೇಳಿದ್ದೇ ಹೇಳಿದ್ದು, ಗೊತ್ತಿಲ್ಲದ ವಿಳಾಸ ಅಂದ್ರೆ ಅನುಮಾನ ಪಡಿ, ಅವಸರ ಮಾಡಿದ್ರೆ ಇನ್ನೂ ಅನುಮಾನ ಪಡಿ, ಗೊತ್ತಿರೋ ನಂಬರಿಗೆ ಫೋನ್ ಮಾಡಿ ಕೇಳಿ, ಆಮೇಲೆ ಒತ್ತಿ, ಅಂತ ಗಂಟಲು ಹರಿದುಕೊಂಡವಳೇ ಥೇಟು ಮೋಸಗಾರರ ಕಾಗದ ಬರೆದು ಕೂತಿದ್ದಾಳೆ, ನಗು ಬರುತ್ತದೆ, ನಗುವಿನ ಹಿಂದೆಯೇ ನೆನಪಾಗುತ್ತಾಳೆ — ಗುಬ್ಬಿ! ಖರೀದಿ ವಿಭಾಗದ ಗುಬ್ಬಿ, ಎರಡು ಮಕ್ಕಳ ತಾಯಿಯಾದರೂ ದನಿಯಿಂದಾಗಿ ಗುಬ್ಬಿ, ಹೋದ ವರ್ಷ ಪಾರ್ಸೆಲ್ ಬಂದಿದೆ ಅಂತ ಬಂದ ಸುಳ್ಳು ಮೇಲ್ ಒತ್ತಿ, ಇಡೀ ಕಾರ್ಖಾನೆಯ ಕಂಪ್ಯೂಟರುಗಳಿಗೆ ಬೀಗ ಬಿದ್ದು, ಮ್ಯಾನೇಜರ್ ಕೆಂಡವಾಗಿ, ಇನ್ನೊಂದ್ಸಲ ಗೊತ್ತಿಲ್ಲದ್ದನ್ನ ಒತ್ತಿದ್ರೆ ಸೀದಾ ಗೋದಾಮಿಗೆ, ಯಾವ ಕಾರಣನೂ ಕೇಳಲ್ಲ, ಅಂದಿದ್ದರು, ಗೋದಾಮೆಂದರೆ ಹತ್ತಿಯ ಧೂಳು, ಗುಬ್ಬಿಗೋ ಉಬ್ಬಸ, ಅಲ್ಲಿ ಒಂದು ವಾರವೂ ತಡೆಯುವುದಿಲ್ಲ, ಯಾರು ಒತ್ತಿದರೂ ಮ್ಯಾನೇಜರ್ ಪರದೆಯಲ್ಲಿ ಕೆಂಪಕ್ಷರ ಬರುವ ಹಾಗೆ ಮಾಡಿಟ್ಟವಳೂ ತಾನೇ, ದಿನಾ ಬೆಳಗಾದರೆ, ಅಕ್ಕಾ ಹೆರಿಗೆ ಆಯ್ತಾ, ಮಗು ಬಂತಾ, ಅಂತ ಕೇಳುವವಳು ಮಗುವಿನ ಫೋಟೋ ಅಂದರೆ ಬಿಟ್ಟಾಳೆಯೇ, ಒತ್ತಬೇಡ ಗುಬ್ಬೀ, ಒತ್ತಬೇಡ ಕಣೇ — ಎಲ್ಲರ ಇನ್‌ಬಾಕ್ಸಿನಿಂದಲೂ ಮೇಲ್ ಅಳಿಸೋಣವೆಂದರೆ ಸಂತೋಷಕ್ಕೋ ಗಾಬರಿಗೋ ಅದಕ್ಕೆ ಬೇಕಾದ ಪಾಸ್‌ವರ್ಡ್ ಮರೆತೇಹೋಗಿದೆ, ತಪ್ಪು, ಮತ್ತೆ ತಪ್ಪು, ಸಹಾಯಕ್ಕೆ ಕಂಪ್ಯೂಟರ್ ವಿಭಾಗವನ್ನು ಕೇಳಿ ಅನ್ನುತ್ತಿದೆ ಪರದೆ, ಹಾಳಾದ್ದೇ, ನಾನೇ ಅಲ್ಲವೇ ಆ ವಿಭಾಗ! ಗುಬ್ಬಿಗೆ ಫೋನ್ ಮಾಡಿದರೆ ಬ್ಯುಸಿ, ಮತ್ತೆ ಮಾಡಿದರೂ ಬ್ಯುಸಿ, ಇಷ್ಟು ಹೊತ್ತಿಗೆ ಯಾರ ಹತ್ತಿರ ಹರಟೆ ಇವಳದು, ಆ ಒಂಟಿ ಕಣ್ಣು ಫೋನಿನ ಪರದೆಯೊಳಗಿಂದ ನೋಡುತ್ತಲೇ ಇದೆ, ಏನಜ್ಜೀ ಮಾಡಿಟ್ಟೆ ಅನ್ನುತ್ತಿದೆ, ಬಾಗಿಲಲ್ಲಿ ಲೆಕ್ಕದ ಅಣ್ಣ, ಅಕ್ಕಾ ನಿಮ್ಮ ಹೆಸರಲ್ಲಿ ಯಾರೋ ಕಳ್ಳರು ಮೇಲ್ ಹಾಕಿದ್ದಾರೆ, ನೀವು ಅಜ್ಜಿ ಅಂತೆ, ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವಾ, ಅವನನ್ನು ಅಪ್ಪಿಕೊಳ್ಳುವಷ್ಟು ಖುಷಿ, ಒಬ್ಬ ಕಲಿತಿದ್ದಾನೆ, ಒಬ್ಬನಾದರೂ, ಆದರೆ ಗುಬ್ಬಿ, ಎದುರು ಕಟ್ಟಡದ ಗುಬ್ಬಿ — ಚಪ್ಪಲಿ ಎಳೆಯುತ್ತ ಮೆಟ್ಟಿಲಿಳಿಯುವಾಗ ಕೈಯಲ್ಲೇ ಫೋನು ಬಡಿದುಕೊಂಡಿತು.

ಅಕ್ಕಾ, ಎಲ್ಲಿ ಹೋಗಿದ್ರಿ, ಆವಾಗಿನಿಂದ ಮಾಡ್ತಿದ್ದೀನಿ, ಬರೀ ಬ್ಯುಸಿ, ನಾನು ಒತ್ತಿಲ್ಲ ಅಕ್ಕಾ, ಒಂದು ಕೈ ಫೋನಿಗೆ, ಇನ್ನೊಂದು ಕೈ ಮೇಲೆ ಕೂತಿದ್ದೀನಿ, ಅದು ನಿಜಾನಾ? ನಿಜ ಕಣೇ, ಹೆಣ್ಣು ಮಗು. ಅಲ್ಲ, ನೀವು ನೀವೇ ಅಂತ ಏನು ಗ್ಯಾರಂಟಿ, ದನೀನೂ ಕದೀತಾರೆ ಅಂತ ನೀವೇ ಹೇಳಿದ್ದು, ಹೋದ ವರ್ಷ ನಾನು ಅತ್ತಾಗ ಮೂಗೊರೆಸ್ಕೊಳ್ಳೋಕೆ ಏನು ಕೊಟ್ರಿ, ಹೇಳಿ. ಪರದೆ ಒರೆಸೋ ಬಟ್ಟೆ ಕೊಟ್ಟೆ, ಮಾರಾಯ್ತೀ, ಇನ್ನೂ ವಾಪಸ್ ಕೊಟ್ಟಿಲ್ಲ ನೀನು! ಅಷ್ಟೇ, ಗುಬ್ಬಿ ಫೋನಿನಲ್ಲೇ ಕಿರುಚಿದಳು, ಅಜ್ಜೀ! ಅಜ್ಜೀ! ಒತ್ಲಾ ಈಗ? ಬೇಡ, ಹಾಗೇ ಕೂತಿರು, ನಾನೇ ಬಂದು ತೋರಿಸ್ತೀನಿ, ಅಂಗಳ ದಾಟುತ್ತಾಳೆ, ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವಳಿಗೇ ತಿಳಿಯದು, ಕಲಿತುಬಿಟ್ಟಳಲ್ಲ, ನನ್ನ ಗುಬ್ಬಿ ಕಲಿತುಬಿಟ್ಟಳಲ್ಲ, ನಾನೇ ಕರೆದರೂ ಮೋಸಹೋಗಲಿಲ್ಲವಲ್ಲ, ಒಂದೇ ದಿನ ಒಬ್ಬಳಿಗೆ ಎಷ್ಟು ಸಂತೋಷ ತಾನೇ ಹಿಡಿಸೀತು — ಗುಬ್ಬಿ ಇನ್ನೂ ಒಂದು ಕೈಯ ಮೇಲೆ ಕೂತೇ ಇದ್ದಾಳೆ, ಅಕ್ಕನ ಫೋನು ಅವಳ ಮುಖದ ಮುಂದೆ, ಫೋಟೋ ನೋಡುತ್ತಾಳೆ, ಇವಳಿಗೆ ಯಾರೂ ಮೋಸ ಮಾಡಕ್ಕಾಗಲ್ಲ ಅಕ್ಕಾ, ಅನ್ನುತ್ತಾಳೆ ಮೆಲ್ಲಗೆ, ಬಿಳಿ ಬಟ್ಟೆ, ಕೆಂಪು ಮುಖ, ತೆರೆದ ಒಂದು ಕಣ್ಣು, ಆ ಒಂದು ಕಣ್ಣು.